ಎರಡು ವರ್ಷ ತಡವಾಗಿ ಬರುವ ದೀಕ್ಷೆ

ಪದವಿ ಕಾಲೇಜಿಗೆ ಹೊಸದಾಗಿ ಕಾಲಿಡುವ ಮಕ್ಕಳಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ‘ದೀಕ್ಷಾರಂಭ’ ಎಂಬ ಕೈಪಿಡಿ ಹೊರತಂದಿತು. ಅದಕ್ಕೂ ಮೊದಲೇ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಎಂಜಿನಿಯರಿಂಗ್ ಕಾಲೇಜುಗಳಿಗೆ ಮೂರು ವಾರಗಳ ಇಂಥದೇ ಕಾರ್ಯಕ್ರಮ ಗೊತ್ತುಮಾಡಿತ್ತು. ಆಟ, ಕಲೆ, ಸುತ್ತಲಿನ ಊರುಗಳ ಭೇಟಿ, ಮೌಲ್ಯಗಳ ಕುರಿತ ಮಾತುಕತೆ, ಸಣ್ಣ ಗುಂಪಿಗೊಬ್ಬ ಮಾರ್ಗದರ್ಶಿ ಅಧ್ಯಾಪಕ, ಎಲ್ಲವೂ ದೀಕ್ಷಾರಂಭದಲ್ಲಿವೆ. ನನಗೆ ತುಂಬ ಹಿಡಿಸಿದ್ದು ಈ ಮಾರ್ಗದರ್ಶಿಯ ಏರ್ಪಾಡು. ಹಳ್ಳಿಯಿಂದ ಬಂದ ಹುಡುಗಿಯನ್ನು ಹೆಸರು ಹಿಡಿದು ಕರೆಯುವ ಮೇಷ್ಟ್ರು ಒಬ್ಬರಿದ್ದರೆ ಅರ್ಧ ಅಂಜಿಕೆ ಅಲ್ಲೇ ಕಳೆಯುತ್ತದೆ.

ಆದರೆ ಅಗಳಿಯಂಥ ಊರಿನಿಂದ ನೋಡಿದಾಗ ದೀಕ್ಷಾರಂಭದ ಒಂದು ಕೊರತೆ ಎದ್ದು ಕಾಣುತ್ತದೆ. ಆಂಧ್ರಪ್ರದೇಶದ ಮಡಕಶಿರಾ ಸೀಮೆಯ ಈ ಊರು 2022ರಲ್ಲಿ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಇಲ್ಲಿ ಮನೆಮಾತು ಕನ್ನಡ, ಕನ್ನಡ ಶಾಲೆಗಳೂ ಉಂಟು. ಹತ್ತನೇ ತರಗತಿ ಮುಗಿಯಿತೆಂದರೆ ಒಂದೋ ಮಡಕಶಿರಾ, ಹಿಂದೂಪುರದ ಕಡೆ ಇಂಟರ್ (ಆಂಧ್ರದ ಪಿಯುಸಿ), ಇಲ್ಲವೇ ಗಡಿ ದಾಟಿ ಕರ್ನಾಟಕದ ಶಿರಾದಲ್ಲಿ ಪಿಯುಸಿ. ಮಕ್ಕಳು ‘ಕಾಲೇಜಿಗೆ ಸೇರಿದೆ’ ಎನ್ನುವುದು ಆಗಲೇ, ಪದವಿಗೆ ಸೇರಿದಾಗಲ್ಲ.

ನಿಜವಾದ ಪೆಟ್ಟು ಬೀಳುವುದೂ ಅಲ್ಲೇ. ದ್ಯುತಿಸಂಶ್ಲೇಷಣೆಯ ಚಿತ್ರ ಬರೆದು, ಭಾಗ ಗುರುತಿಸಿ, ಪೂರ್ತಿ ಅಂಕ ತೆಗೆದುಕೊಂಡವಳ ಮುಂದೆ ಅದೇ ಪಾಠ ಇಂಗ್ಲಿಷಿನಲ್ಲಿ ಬಂದು ನಿಲ್ಲುತ್ತದೆ. ಆಂಧ್ರದ ಕಾಲೇಜಿನಲ್ಲಿ ಲೆಕ್ಚರರ್ ವಿವರಿಸುವುದು ತೆಲುಗಿನಲ್ಲಿ, ನೋಟೀಸ್ ಬೋರ್ಡೂ ತೆಲುಗಿನಲ್ಲಿ. ಶಿರಾಕ್ಕೆ ಹೋದವಳಿಗೆ ಮಾತಿನ ತೊಡಕಿಲ್ಲ, ಆದರೆ ಜಾತಿ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ವಿದ್ಯಾರ್ಥಿವೇತನಕ್ಕಾಗಿ ಎರಡು ರಾಜ್ಯಗಳ ಕಚೇರಿ ಅಲೆಯಬೇಕು. ಯುಜಿಸಿಯ ದೀಕ್ಷೆ ಇದಾಗಿ ಎರಡು ವರ್ಷಕ್ಕೆ ಬರುತ್ತದೆ. ಅಷ್ಟರಲ್ಲಿ ವಿಜ್ಞಾನ ಬಿಟ್ಟವರು ಬಿಟ್ಟಾಗಿರುತ್ತದೆ, ಓದನ್ನೇ ಬಿಟ್ಟವರು ಆ ಸಭಾಂಗಣದಲ್ಲಿ ಇರುವುದೇ ಇಲ್ಲ.

ದೀಕ್ಷೆ ಬರುವ ಹೊತ್ತಷ್ಟೇ ಅಲ್ಲ, ಅದು ನಡೆಯುವ ರೀತಿಯಲ್ಲೂ ಕೊರತೆಯಿದೆ. ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯ 1972ರಲ್ಲಿ ಶುರುಮಾಡಿದ ‘ಯೂನಿವರ್ಸಿಟಿ 101’ ಇಡೀ ಸೆಮಿಸ್ಟರ್ ನಡೆಯುವ, ಕ್ರೆಡಿಟ್ ಇರುವ ಪಾಠ. ನಮ್ಮಲ್ಲಿ ಎಷ್ಟೋ ಕಡೆ ಸ್ವಾಗತ ಭಾಷಣ, ಹಾರ, ನಿಯಮಗಳ ಓದು, ಒಂದು ಗುಂಪು ಫೋಟೊ, ಅಲ್ಲಿಗೆ ಮುಗಿಯಿತು. ಹೊಂದಿಕೊಳ್ಳುವ ಕಷ್ಟ ಮೊದಲ ವಾರಕ್ಕಿಂತ ಮೊದಲ ಕಿರುಪರೀಕ್ಷೆಯ ಅಂಕ ಬಂದಾಗ ಹೆಚ್ಚು. ಜೊತೆಗೆ ಕೂತು ಮಾತಾಡುವವರು ಬೇಕಾಗುವುದು ಆಗ.

ಹಾಗಾಗಿ ದೀಕ್ಷಾರಂಭ ಒಳ್ಳೆಯ ಯೋಜನೆಯೇ, ಆದರೆ ಗಡಿನಾಡಿಗೆ ತಪ್ಪು ಹೊತ್ತಿನದು. ಹತ್ತನೇ ತರಗತಿ ಪರೀಕ್ಷೆಗೂ ಜೂನ್ ತಿಂಗಳ ತರಗತಿಗಳಿಗೂ ನಡುವೆ ಬೇಸಿಗೆ ರಜೆ ಇದೆ. ಇಂಗ್ಲಿಷ್ ಪಠ್ಯ ಓದುವ ರೂಢಿ, ತೆಲುಗು ಅಕ್ಷರಗಳ ಪರಿಚಯ, ಅರ್ಜಿ ತುಂಬುವ ಕ್ರಮ, ಇಷ್ಟನ್ನು ಅಗಳಿ, ರೊಳ್ಳ, ಅಮರಾಪುರದ ಶಾಲೆಗಳಲ್ಲೇ ಕನ್ನಡದಲ್ಲಿ ಹೇಳಿಕೊಡಬಹುದು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇಲ್ಲಿನ ಕನ್ನಡ ಶಿಕ್ಷಕರೂ ಬರುವ ಬೇಸಿಗೆಯಲ್ಲೇ ಈ ಕೆಲಸ ಕೈಗೆತ್ತಿಕೊಳ್ಳಲಿ.