ಪ್ರಾರ್ಥನೆ ಕತ್ತರಿಸಿದ ಸಂಪಾದಕರಿಗೆ

ದೇವರಿದ್ದಾನೆ ಅಂತ ನಂಬಿಯೇ ಮಾತು ಶುರು ಮಾಡೋದು ದೈವಶಾಸ್ತ್ರ. ನಂಬದವನನ್ನೂ ಜಗಲಿಗೆ ಕರೆದು ಕೂರಿಸಿ ಮಾತಾಡೋದು ತತ್ವಶಾಸ್ತ್ರ. ಗೆರೆ ಇಷ್ಟು ಸಲೀಸಾ? ಅನ್ಸೆಲ್ಮ್‌ನ ‘ಪ್ರೊಸ್ಲೋಗಿಯನ್’ ಓದಿ ನೋಡಿ.

ನಾರ್ಮಂಡಿಯ ಬೆಕ್ ಮಠದಲ್ಲಿದ್ದ ಈ ಸನ್ಯಾಸಿ 1077-78ರ ಸುಮಾರಿಗೆ ಬರೆದ ಪುಟ್ಟ ಪುಸ್ತಕ ಇದು. ವಾದ ಇಷ್ಟೇ: ಯಾವುದಕ್ಕಿಂತ ದೊಡ್ಡದನ್ನು ಯೋಚಿಸೋಕೇ ಆಗಲ್ಲವೋ ಅದು ದೇವರು. ಅದು ಬರೀ ತಲೆಯೊಳಗಿದ್ದರೆ, ಹೊರಗೂ ಇರುವಂಥದ್ದು ಅದಕ್ಕಿಂತ ದೊಡ್ಡದಾಗಿಬಿಡುತ್ತೆ. ಹಾಗಾಗಿ ದೇವರು ಇರಲೇಬೇಕು.

ತತ್ವಶಾಸ್ತ್ರದ ಸಂಕಲನಗಳು ಸಾಮಾನ್ಯವಾಗಿ 2ರಿಂದ 4ನೇ ಅಧ್ಯಾಯವನ್ನಷ್ಟೇ ಕತ್ತರಿಸಿ ಕೊಡ್ತವೆ. ಮೊದಲ ಅಧ್ಯಾಯ ಪೂರ್ತಿ ಪ್ರಾರ್ಥನೆ ಅನ್ನೋದು ಓದುಗನಿಗೆ ತಿಳಿಯೋದೇ ಇಲ್ಲ. ವಾದ ಮಾಡುವಾಗಲೂ ಆತ ದೇವರನ್ನು ‘ನೀನು’ ಅಂತಲೇ ಮಾತಾಡಿಸ್ತಾನೆ.

ಗೌನಿಲೋ ಅನ್ನೋ ಇನ್ನೊಬ್ಬ ಸನ್ಯಾಸಿ ನಂಬದವನ ಪರವಾಗಿ ಎದ್ದು ನಿಂತ. ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದ ದ್ವೀಪವೊಂದನ್ನು ಕಲ್ಪಿಸಿಕೊಂಡರೆ ಅದೂ ಇರಲೇಬೇಕಲ್ಲ ಅಂತ ಕೇಳಿದ. ನನ್ನ ತರ್ಕ ದ್ವೀಪಕ್ಕೆ ಸಲ್ಲೋದಿಲ್ಲ ಅನ್ನೋದು ಅನ್ಸೆಲ್ಮ್ ಉತ್ತರ. ನನಗದು ಸಾಲದು. ‘ಇರುವುದು’ ಅನ್ನೋದು ಒಂದು ಗುಣವೇ ಅಲ್ಲ ಅಂತ ಕಾಂಟ್ 1781ರಲ್ಲಿ ಕೊಟ್ಟ ಏಟು ಇನ್ನೂ ಜೋರು.

ಆದ್ರೆ ಅನ್ಸೆಲ್ಮ್ ಮಾಡಿದ್ದೇನು ಗೊತ್ತಾ? ಗೌನಿಲೋ ಆಕ್ಷೇಪವನ್ನೂ ತನ್ನ ಉತ್ತರವನ್ನೂ ಪುಸ್ತಕದ ಜೊತೆಗೇ ನಕಲು ಮಾಡಬೇಕು ಅಂದ. ಬಗ್ ರಿಪೋರ್ಟ್ ಸಮೇತ ಕೋಡ್ ರಿಲೀಸ್ ಮಾಡಿದ ಹಾಗೆ! ಮಂಡಿಯೂರಿ ಶುರು ಮಾಡಿದವನು ಕೊನೆಗೆ ನಂಬದವನಿಗೂ ಜಾಗ ಕೊಟ್ಟ. ಪ್ರಾರ್ಥನೆ ತೆಗೆದು ವಾದವನ್ನು ‘ಶುದ್ಧ’ ಮಾಡೋ ಸಂಪಾದಕರು ಇಷ್ಟನ್ನೂ ಮುಚ್ಚಿಡ್ತಾರೆ. ಓದೋದಾದ್ರೆ ಪೂರ್ತಿ ಓದಿ, ಗೌನಿಲೋನನ್ನೂ ಸೇರಿಸಿ.