ವಿಕೇಂದ್ರೀಕೃತ ಜಾಲದಲ್ಲಿ ವಾರ್ತೆಯ ಪಾಠ

ವೃತ್ತಪತ್ರಿಕೆಗೆ ಪಾಠಾಂತರದ ತೊಡಕಿಲ್ಲ. ಜಿಲ್ಲೆ ಜಿಲ್ಲೆಗೆ ಕೆಲವು ಪುಟಗಳು ಬದಲಾಗುವುದುಂಟಾದರೂ, ಒಂದು ಆವೃತ್ತಿಯನ್ನು ಕೈಗೆತ್ತಿಕೊಂಡವರೆಲ್ಲರ ಮುಂದೆ ಇರುವುದು ಒಂದೇ ಪಾಠ. ಓಲೆಗರಿಯ ಗ್ರಂಥದ ಸ್ಥಿತಿ ಹಾಗಲ್ಲ. ಪ್ರತಿಕಾರರ ಕೈಯಲ್ಲಿ ಒಂದೆಡೆ ಪದ್ಯ ಬಿದ್ದುಹೋಗಿರುತ್ತದೆ, ಇನ್ನೊಂದೆಡೆ ಪ್ರಕ್ಷೇಪ ಸೇರಿರುತ್ತದೆ. ನಾಲ್ಕು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಕೂಡಿಸದ ಹೊರತು ಮೂಲವೇನೆಂಬುದು ನಿರ್ಣಯವಾಗದು. ಮುದ್ರಣಯಂತ್ರ ಬಂದ ಮೇಲೆ ಈ ಕಷ್ಟವು ಪ್ರಾಚೀನ ಕಾವ್ಯಗಳ ಸಂಪಾದಕರಿಗೆ ಮಾತ್ರ ಉಳಿಯಿತೆಂದು ವಿದ್ವಾಂಸರು ಭಾವಿಸಿದ್ದರು. ಆದರೆ ರಾಜಕೀಯ, ತಂತ್ರಜ್ಞಾನ, ಖಾಸಗಿತನ ಎಂಬ ಮೂರು ವಿಷಯಗಳ ವಾರ್ತೆಯನ್ನು ವಿಕೇಂದ್ರೀಕೃತ ಸಾಮಾಜಿಕ ಜಾಲಗಳಲ್ಲಿ ಅನುಸರಿಸಿ ಓದುವ ರೂಢಿ ಈಚೆಗೆ ಬೆಳೆದಿರುವುದರಿಂದ, ಓಲೆಗರಿಯ ಕಷ್ಟವು ವರ್ತಮಾನಕ್ಕೇ ಮರಳಿ ಬಂದಿದೆ. ಈ ಬರಹಗಳನ್ನು ಕುರಿತ ಹೊಗಳಿಕೆಯೂ ತೆಗಳಿಕೆಯೂ ಬೇಕಾದಷ್ಟಿವೆ. ಅವುಗಳ ಪಾಠವಿಚಾರ ನಡೆದಿರುವುದು ಅಲ್ಪ.

ಜಾಲದ ರಚನೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಟ್ವಿಟರಿನಂತಹ ತಾಣವು ಒಂದು ಸಂಸ್ಥೆಯ ಮನೆ. ಬರೆಯುವವರೂ ಓದುವವರೂ ಅದೇ ಮಾಳಿಗೆಯ ಕೆಳಗೆ ಕುಳಿತವರು. ಜರ್ಮನಿಯ ಯೂಗನ್ ರೋಚ್ಕೊ ೨೦೧೬ರಲ್ಲಿ ಹೊರತಂದ ಮಾಸ್ಟಡಾನ್ ಎಂಬ ತಂತ್ರಾಂಶದ ಪದ್ಧತಿ ಬೇರೆ. ಅದನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ನೆಲೆಗೊಳಿಸಿ, ತಮ್ಮ ನಿಯಮಗಳನ್ನು ತಾವೇ ಬರೆದು, ಬಂದವರಿಗೆ ಎಡೆ ಕೊಡಬಹುದು. ಸರ್ವರು ಸರ್ವರುಗಳ ನಡುವೆ ನಡೆಯುವ ವ್ಯವಹಾರಕ್ಕೆ ಆಕ್ಟಿವಿಟಿಪಬ್ ಎಂಬ ಸಮಾನ ನಿಯಮಾವಳಿಯಿದೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಅದನ್ನು ೨೦೧೮ರ ಜನವರಿಯಲ್ಲಿ ಅಂಗೀಕರಿಸಿತು. ಇಲ್ಲಿ ಬರೆಯುವವನ ಹೆಸರು ಅವನ ಸರ್ವರಿನ ಹೆಸರಿನೊಡನೆ ಕೂಡಿಯೇ ಬರುತ್ತದೆ, ಗೂಳೂರು ಸಿದ್ಧವೀರಣ್ಣೊಡೆಯ, ಗುಮ್ಮಳಾಪುರದ ಸಿದ್ಧಲಿಂಗಯತಿ ಎಂಬಂತೆ. ಒಂದು ಸರ್ವರಿನಲ್ಲಿರುವ ವಾಚಕನು ಇನ್ನೊಂದರಲ್ಲಿರುವ ಲೇಖಕನನ್ನು ಅನುಸರಿಸಿದರೆ, ಲೇಖಕನು ಬರೆದುದರ ಪ್ರತಿಯೊಂದು ವಾಚಕನ ಸರ್ವರಿಗೆ ಹೋಗಿ ಸೇರುತ್ತದೆ. ವಾಚಕನು ಓದುವುದು ಮೂಲವನ್ನಲ್ಲ, ತನ್ನ ಸರ್ವರಿಗೆ ಬಂದ ಪ್ರತಿಯನ್ನು. ಪ್ರಕೃತ ವಿಚಾರವೆಲ್ಲವೂ ಈ ಒಂದು ಸಂಗತಿಯನ್ನು ಅವಲಂಬಿಸಿದೆ.

ಇದರ ಗುಣಗಳನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಮಾಸ್ಟಡಾನಿನಲ್ಲಿ ವಾಚಕನು ಅನುಸರಿಸಿದವರ ಬರಹಗಳು ಕಾಲಕ್ರಮದಲ್ಲಿ ಬರುತ್ತವೆ. ಯಾವುದು ಮನಸ್ಸನ್ನು ಕೆರಳಿಸೀತೆಂದು ಲೆಕ್ಕಹಾಕಿ ಮುಂದಕ್ಕೆ ನೂಕುವ ಯಂತ್ರವಿಲ್ಲ, ನಡುವೆ ಜಾಹೀರಾತಿಲ್ಲ. ಸಾಮಾನ್ಯವಾಗಿ ಐದುನೂರು ಅಕ್ಷರಗಳವರೆಗೆ ಅವಕಾಶವಿರುವುದರಿಂದ ಒಂದು ಸುದ್ದಿಯನ್ನು ಅದರ ಕಾರಣದೊಡನೆ ಹೇಳಲು ಸ್ಥಳ ಸಾಲುತ್ತದೆ. ಚಿತ್ರಕ್ಕೆ ವಿವರಣೆ ಬರೆಯುವುದು ಅಲ್ಲಿ ಶಿಷ್ಟಾಚಾರವೇ ಆಗಿದೆ. ಇದು ಕಣ್ಣು ಕಾಣದವರಿಗೆ ಉಪಕಾರವಾಗಿರುವುದಲ್ಲದೆ, ಬರೆಯುವವನು ತಾನು ತೋರಿಸುತ್ತಿರುವುದೇನೆಂಬುದನ್ನು ಒಮ್ಮೆ ತಾನೇ ನೋಡುವಂತೆಯೂ ಮಾಡುತ್ತದೆ. ಪತ್ರಿಕೆಯ ಸಂಪಾದಕನು ಮಾಡುತ್ತಿದ್ದ ಹಿರಿದು ಕಿರಿದೆಂಬ ತಾರತಮ್ಯವನ್ನು ಮಾತ್ರ ಇಲ್ಲಿ ವಾಚಕನೇ ಮಾಡಿಕೊಳ್ಳಬೇಕು. ಶಾಸನಸಭೆಯ ಮಸೂದೆಯೂ ಯಾರದೋ ಬೆಕ್ಕಿನ ಚಿತ್ರವೂ ಒಂದೇ ಅಳತೆಯಲ್ಲಿ ಒಂದರ ಕೆಳಗೊಂದು ನಿಂತಿರುತ್ತವೆ.

ರಾಜಕೀಯ, ತಂತ್ರಜ್ಞಾನ, ಖಾಸಗಿತನ ಮೂರೂ ಒಂದೇ ಗಂಟಾಗಿ ಕೂಡಿದ ಪ್ರಸಂಗವೊಂದು ೨೦೨೨ರಲ್ಲಿ ನಡೆಯಿತು. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಎಲಾನ್ ಮಸ್ಕರು ಟ್ವಿಟರನ್ನು ೪೪೦೦ ಕೋಟಿ ಡಾಲರುಗಳಿಗೆ ಕೊಂಡರು. ಅನೇಕರು ಮಾಸ್ಟಡಾನಿಗೆ ಗುಳೆ ಹೋದರು. ಡಿಸೆಂಬರಿನಲ್ಲಿ, ಮಸ್ಕರ ವಿಮಾನವು ಎಲ್ಲಿದೆಯೆಂಬುದನ್ನು ಬಹಿರಂಗ ದಾಖಲೆಗಳಿಂದ ತೆಗೆದು ತಿಳಿಸುತ್ತಿದ್ದ ಖಾತೆಯನ್ನು ಟ್ವಿಟರ್ ಮುಚ್ಚಿತು. ಮರುದಿನವೇ, ಆ ವಿಷಯವನ್ನು ವರದಿ ಮಾಡಿದ ಹಲವು ಪತ್ರಕರ್ತರ ಖಾತೆಗಳನ್ನೂ, ಆ ವಿಮಾನದ ಖಾತೆ ತಮ್ಮಲ್ಲಿದೆಯೆಂದು ಸೂಚಿಸಿದ ಮಾಸ್ಟಡಾನಿನ ಸ್ವಂತ ಖಾತೆಯನ್ನೂ ತಡೆಹಿಡಿಯಿತು. ಕುಟುಂಬದ ಸುರಕ್ಷತೆ ಎಂಬುದು ಮಸ್ಕರು ಕೊಟ್ಟ ಕಾರಣ. ಆ ವಾರದ ಮಾಸ್ಟಡಾನ್ ಬರಹಗಳನ್ನು ವಾರ್ತಾಸಾಹಿತ್ಯವೆಂದು ಪರೀಕ್ಷಿಸಿದರೆ, ಶೀಘ್ರತೆಯಲ್ಲಿಯೂ ನಿರ್ಭೀತಿಯಲ್ಲಿಯೂ ಅವುಗಳಿಗೆ ಕೊರತೆಯಿಲ್ಲ. ವಾಕ್ಸ್ವಾತಂತ್ರ್ಯದ ಪಕ್ಷಪಾತಿಯೆಂದು ಹೇಳಿಕೊಂಡವರು ಪತ್ರಕರ್ತರ ಬಾಯಿ ಕಟ್ಟಿದ್ದರಲ್ಲಿನ ವಿರೋಧವನ್ನು ಎಲ್ಲರೂ ಎತ್ತಿ ಹಿಡಿದರು. ಆದರೆ ಬಹಿರಂಗವಾಗಿ ದೊರೆಯುವ ಮಾಹಿತಿಯನ್ನು ಕ್ಷಣಕ್ಷಣಕ್ಕೂ ಒಂದೆಡೆ ಕೂಡಿಸಿಟ್ಟಾಗ ಅದು ಹೊಸದೊಂದು ವಸ್ತುವಾಗುವುದಿಲ್ಲವೇ, ಸಿರಿವಂತನಲ್ಲದ ಒಬ್ಬನನ್ನು ಹಾಗೆ ಹಿಂಬಾಲಿಸಿದರೆ ಇದೇ ಜನ ಅದನ್ನು ಒಪ್ಪುತ್ತಿದ್ದರೇ ಎಂಬ ಪ್ರಶ್ನೆಗೆ ತಕ್ಕ ಸ್ಥಾನ ದೊರೆತಂತೆ ತೋರುವುದಿಲ್ಲ. ಖಾಸಗಿತನವನ್ನು ಸದಾ ಜಪಿಸುವ ಸಮಾಜದಲ್ಲಿ ಇದು ಸಣ್ಣ ಲೋಪವಲ್ಲ.

ಆ ಪ್ರಶ್ನೆಯನ್ನು ಯಾರಾದರೂ ಎತ್ತಿದ್ದಿರಬಹುದು, ಎಲ್ಲರಿಗೂ ಅದು ತಲುಪದೆ ಹೋಗಿದ್ದಿರಲೂಬಹುದು. ಪಾಠದ ತೊಡಕು ಮೊದಲಾಗುವುದು ಇಲ್ಲಿಯೇ. ಒಬ್ಬನ ಬರಹಕ್ಕೆ ಮತ್ತೊಬ್ಬನು ಕೊಟ್ಟ ಉತ್ತರವು ಮೂಲಲೇಖಕನ ಸರ್ವರಿಗೂ, ಉತ್ತರಿಸಿದವನನ್ನು ಅನುಸರಿಸುವವರ ಸರ್ವರುಗಳಿಗೂ ಹೋಗುತ್ತದೆ. ಮೂರನೆಯ ಸರ್ವರಿಗೆ ಹೋಗಲೇಬೇಕೆಂಬ ನಿಯಮವಿಲ್ಲ. ಹೀಗಾಗಿ ಒಂದೇ ಸಂವಾದವು ದೊಡ್ಡ ಸರ್ವರಿನಲ್ಲಿ ತುಂಬು ಸಭೆಯಾಗಿಯೂ, ಸಣ್ಣದರಲ್ಲಿ ಒಬ್ಬನ ಏಕಭಾಷಣವಾಗಿಯೂ ಕಾಣಿಸುತ್ತಿತ್ತು. ಸುಳ್ಳು ಸುದ್ದಿಗೆ ತಿದ್ದುಪಡಿಯನ್ನು ಯಾರೋ ಬರೆದಿದ್ದರೂ, ಅದನ್ನು ಕಾಣದ ವಾಚಕನು ಯಾರೂ ಆಕ್ಷೇಪಿಸಲಿಲ್ಲವೆಂದೇ ತಿಳಿಯುತ್ತಿದ್ದನು. ಉಳಿದ ಉತ್ತರಗಳನ್ನು ಸರ್ವರು ತಾನೇ ಹುಡುಕಿ ತರುವ ಏರ್ಪಾಡು ೨೦೨೫ರ ಆವೃತ್ತಿಗಳಲ್ಲಿ ಬಂದಿರುವುದರಿಂದ ದೋಷವು ಎಷ್ಟೋ ಕಡಿಮೆಯಾಗಿದೆ. ಅದಕ್ಕೆ ಮುಂಚಿನ ವರ್ಷಗಳ ಸಂವಾದಗಳನ್ನು ಪ್ರಮಾಣವಾಗಿ ಹಿಡಿಯುವವರು ಮಾತ್ರ, ತಾವು ಹಿಡಿದಿರುವುದು ಯಾವ ಪ್ರತಿ ಎಂದು ಕೇಳಿಕೊಳ್ಳುವುದು ಅಗತ್ಯ.

ಬೇಲಿಯ ವಿಚಾರವೂ ಇದಕ್ಕೆ ಸೇರಿದ್ದು. ಒಂದು ಸರ್ವರಿನವರು ಇನ್ನೊಂದನ್ನು ಪೂರ್ತಿಯಾಗಿ ತಡೆಯಬಹುದು. ೨೦೨೨ರ ನವೆಂಬರಿನಲ್ಲಿ ಪತ್ರಕರ್ತರಿಗೆಂದೇ ತೆರೆದ ಜರ್ನಾ ಡಾಟ್ ಹೋಸ್ಟ್ ಎಂಬ ಸರ್ವರನ್ನು, ಅಲ್ಲಿನ ಕೆಲವು ಬರಹಗಳ ಮೇಲಿನ ಅಸಮಾಧಾನದಿಂದ ಹಲವು ಸರ್ವರುಗಳು ಬಹಿಷ್ಕರಿಸಿದವು. ತಮ್ಮ ಮನೆಗೆ ಯಾರು ಬರಬೇಕೆಂಬುದು ಮನೆಯವರ ಅಧಿಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಮನೆಯಲ್ಲಿ ಕುಳಿತು ವಾರ್ತೆಯನ್ನು ಓದುವವನಿಗೆ, ಯಾವ ಬಾಗಿಲು ಮುಚ್ಚಿದೆಯೆಂಬುದು ಓದಿನ ನಡುವೆ ಕಾಣುವುದಿಲ್ಲ. ಶೂನ್ಯಸಂಪಾದನೆಕಾರರು ಚದುರಿದ ವಚನಗಳನ್ನು ಆರಿಸಿ ಜೋಡಿಸಿ ಸಂವಾದವನ್ನು ಕಟ್ಟಿದಾಗ, ಕಟ್ಟಿದವರು ತಾವೆಂದು ತಿಳಿದೇ ಕಟ್ಟಿದರು. ಸಂಕಲನಗಳನ್ನು ಹೋಲಿಸಿ ಅವರ ಆಯ್ಕೆಯನ್ನು ವಿಮರ್ಶಿಸುವುದು ಇಂದಿಗೂ ಸಾಧ್ಯ. ಸರ್ವರಾದರೋ ತಾನು ಸಂಪಾದಕನೆಂದು ತಿಳಿಯದ ಸಂಪಾದಕ.

ಉದ್ಧರಣದ ವಿಚಾರ ಇದಕ್ಕಿಂತಲೂ ಸೂಕ್ಷ್ಮವಾದುದು. ಒಬ್ಬನ ಬರಹವನ್ನು ತನ್ನ ಬರಹದೊಳಗೆ ಇರಿಸಿಕೊಂಡು ಅದರ ಮೇಲೆ ಮಾತನಾಡುವ ಸೌಕರ್ಯ ಟ್ವಿಟರಿನಲ್ಲಿ ಬಳಕೆಯಲ್ಲಿತ್ತು. ಅದು ಒಬ್ಬನನ್ನು ಬೀದಿಗೆ ಎಳೆದು ಹತ್ತು ಜನ ನಗುವುದಕ್ಕೆ ದಾರಿಯಾಗುತ್ತದೆಂಬ ಅಭಿಪ್ರಾಯದಿಂದ ರೋಚ್ಕೊ ಬಹುಕಾಲ ಅದನ್ನು ಮಾಸ್ಟಡಾನಿಗೆ ಸೇರಿಸಲಿಲ್ಲ. ೨೦೨೫ರಲ್ಲಿ ಸೇರಿಸಿದಾಗಲೂ ನಿಬಂಧನೆಯೊಡನೆ ಸೇರಿತು: ತನ್ನ ಬರಹವನ್ನು ಯಾರು ಉದ್ಧರಿಸಬಹುದೆಂದು ಲೇಖಕನೇ ಗೊತ್ತುಮಾಡಬಹುದು, ಉದ್ಧರಿಸಿಯಾದ ಮೇಲೆ ಅನುಮತಿಯನ್ನು ಹಿಂದಕ್ಕೂ ತೆಗೆದುಕೊಳ್ಳಬಹುದು. ಸಾಮಾನ್ಯ ಮನುಷ್ಯನನ್ನು ಗುಂಪಿನ ಕಾಟದಿಂದ ಕಾಪಾಡುವ ದೃಷ್ಟಿಯಿಂದ ಇದು ಉದಾರವಾದ ಏರ್ಪಾಡೇ ಸರಿ. ಆದರೆ ವಾರ್ತೆಗೂ ವಿಮರ್ಶೆಗೂ ಇದು ಹೇಗೆ ಹೊಂದೀತು? ಪೂರ್ವಪಕ್ಷವನ್ನು ಎದುರಾಳಿಯ ಮಾತಿನಲ್ಲಿಯೇ ಅನುವಾದಮಾಡಿ, ಆಮೇಲೆ ಖಂಡಿಸಬೇಕೆಂಬುದು ಶಾಸ್ತ್ರಗ್ರಂಥಗಳ ಮರ್ಯಾದೆ. ಅನುವಾದಕ್ಕೆ ಪೂರ್ವಪಕ್ಷಿಯ ಅಪ್ಪಣೆ ಬೇಕಾದರೆ ಸಿದ್ಧಾಂತವು ಅವನ ದಾಕ್ಷಿಣ್ಯದಲ್ಲಿ ನಿಲ್ಲುತ್ತದೆ. ಅಧಿಕಾರದಲ್ಲಿರುವವನು ನಿನ್ನೆ ಆಡಿದ ಮಾತನ್ನು ಇಂದು ಎತ್ತಿ ತೋರಿಸುವುದು ರಾಜಕೀಯ ವಾರ್ತೆಯ ಮುಖ್ಯ ಕೆಲಸ. ನಡುಬೀದಿಯ ಸಾಮಾನ್ಯನಿಗೆ ಕೊಟ್ಟ ಕೊಡೆಯೇ ಅವನ ತಲೆಯ ಮೇಲೂ ಇದೆ.

ಇದಕ್ಕೆ ಸಮಾಧಾನವಾಗಿ, ಪರದೆಯ ಚಿತ್ರವನ್ನು ತೆಗೆದು ಹಾಕಿದರಾಯಿತು, ಕೊಂಡಿಯನ್ನು ಕೊಟ್ಟರಾಯಿತು ಎಂದು ಹೇಳುವವರಿದ್ದಾರೆ. ಕೊಂಡಿಯ ಮಾತು ಒಪ್ಪತಕ್ಕದ್ದೇ. ಆದರೆ ಮೂಲವನ್ನು ಅಳಿಸಿದ ದಿನ ಅದು ಎಲ್ಲಿಗೂ ಒಯ್ಯುವುದಿಲ್ಲ. ಚಿತ್ರವಾದರೋ ಮೂಲದೊಡನೆ ಸಂಬಂಧ ಕಡಿದುಕೊಂಡದ್ದು, ತಿದ್ದಿದರೂ ತಿಳಿಯದು. ಸಭ್ಯವಾದ ಉದ್ಧರಣಕ್ಕೆ ಅಪ್ಪಣೆ ಬೇಕು, ಅಪ್ರಾಮಾಣಿಕವಾಗಬಲ್ಲ ಉದ್ಧರಣಕ್ಕೆ ಬೇಡ ಎಂದಾಯಿತು. ಸಾರ್ವಜನಿಕ ಅಧಿಕಾರದಲ್ಲಿದ್ದು ಬರೆದುದಕ್ಕೆ ಒಂದು ನ್ಯಾಯ, ಮನೆಮಾತಿಗೆ ಒಂದು ನ್ಯಾಯ ಎಂಬ ವಿಭಾಗವನ್ನು ಯಂತ್ರವು ಮಾಡಲಾರದು. ಜನರ ನಡೆವಳಿಕೆಯಲ್ಲಿ ಅದು ಬೆಳೆಯಬೇಕು.

ಈ ಬರಹಗಾರರು ಅತಿ ಹೆಚ್ಚಾಗಿ ಬರೆಯುವುದು ಖಾಸಗಿತನವನ್ನು ಕುರಿತು. ಅವರ ದೃಷ್ಟಿ ಮಂಕಾಗಿರುವುದೂ ಅಲ್ಲಿಯೇ. ದೊಡ್ಡ ಸಂಸ್ಥೆಗಳು ಜನರ ಗುಟ್ಟನ್ನು ಮಾರಿಕೊಳ್ಳುವುದನ್ನೂ ಸರಕಾರಗಳು ಕದ್ದು ಕೇಳುವುದನ್ನೂ ಅವರು ನಿಷ್ಠುರವಾಗಿ ಬಯಲು ಮಾಡುತ್ತಾರೆ. ತಾವು ಕುಳಿತ ಮನೆಯ ಗೋಡೆ ಎಷ್ಟು ದಪ್ಪವೆಂಬುದರ ವಿಚಾರ ಮಾತ್ರ ವಿರಳ. ಮಾಸ್ಟಡಾನಿನಲ್ಲಿ ಇಬ್ಬರ ನಡುವಣ ಗುಟ್ಟಿನ ಸಂದೇಶವೂ ಸರ್ವರಿನಲ್ಲಿ ಬೀಗವಿಲ್ಲದೆ ಇರುತ್ತದೆ. ಸರ್ವರನ್ನು ನಡೆಸುವವನು ಮನಸ್ಸು ಮಾಡಿದರೆ ಓದಬಹುದು. ೨೦೨೩ರ ಮೇ ತಿಂಗಳಲ್ಲಿ ಅಮೆರಿಕದ ಎಫ್.ಬಿ.ಐ. ಅಧಿಕಾರಿಗಳು ಕೊಲೆಕ್ಟಿವಾ ಎಂಬ ಸರ್ವರಿನ ನಿರ್ವಾಹಕರೊಬ್ಬರ ಮನೆಯನ್ನು ಸರ್ವರಿಗೆ ಸಂಬಂಧಿಸದ ಬೇರೊಂದು ವಿಷಯವಾಗಿ ಶೋಧಿಸಿದರು. ವಶಪಡಿಸಿಕೊಂಡ ಸಾಮಗ್ರಿಯಲ್ಲಿ ಆ ಸರ್ವರಿನ ದತ್ತಾಂಶದ ಪ್ರತಿಯೊಂದು ಬೀಗವಿಲ್ಲದೆ ಇತ್ತು. ಅಲ್ಲಿದ್ದವರ ಮಿಂಚಂಚೆ ವಿಳಾಸಗಳೂ ಖಾಸಗಿ ಸಂದೇಶಗಳೂ ಅದರೊಡನೆ ಹೋದವು. ಬಳಕೆದಾರರಿಗೆ ಇದು ತಿಳಿದದ್ದು ವಾರಗಳ ಮೇಲೆ. ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ೨೦೧೭ರ ಆಗಸ್ಟ್ ೨೪ರಂದು ತೀರ್ಪಿತ್ತರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ತಂದ ಆ ಮೊಕದ್ದಮೆಯಲ್ಲಿ, ಅಪಾಯವು ರಾಜ್ಯದಿಂದಲೂ ಬರಬಹುದು, ರಾಜ್ಯವಲ್ಲದವರಿಂದಲೂ ಬರಬಹುದು ಎಂಬ ವಿಚಾರ ಬಂದಿದೆ. ರಾಜ್ಯವಲ್ಲದವರೆಂದರೆ ವಾಚಕನ ಮನಸ್ಸಿಗೆ ಮೊದಲು ಬರುವುದು ದೊಡ್ಡ ಕಂಪನಿ. ಬಿಡುವಿನ ವೇಳೆಯಲ್ಲಿ ಪ್ರತಿಫಲವಿಲ್ಲದೆ ಸರ್ವರು ನಡೆಸುವ ಸ್ನೇಹಿತನೂ, ಅವನಲ್ಲಿ ಯಾವ ದುರುದ್ದೇಶವಿಲ್ಲದಿದ್ದರೂ, ಆ ವರ್ಗಕ್ಕೇ ಸೇರಿದವನು.

ಅಧಿಕಾರವು ಒಂದೇ ಕಡೆ ಇಲ್ಲದಿರುವುದರಿಂದ ಪಾಠವು ಬದುಕಿಕೊಳ್ಳುವುದೂ ಉಂಟೆಂಬುದನ್ನು ಇದರೊಡನೆಯೇ ಹೇಳಬೇಕು. ಕೇಂದ್ರ ಸರಕಾರದ ತಡೆಯಾಜ್ಞೆಗಳನ್ನು ಪ್ರಶ್ನಿಸಿದ ಟ್ವಿಟರಿನ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ೨೦೨೩ರ ಜೂನ್ ೩೦ರಂದು ವಜಾಮಾಡಿ, ೫೦ ಲಕ್ಷ ರೂಪಾಯಿ ದಂಡ ವಿಧಿಸಿತು. ಅಲ್ಲಿ ಆಜ್ಞೆಗೆ ವಿಳಾಸವಿತ್ತು. ವಿಕೇಂದ್ರೀಕೃತ ಜಾಲದಲ್ಲಿ ಅಂತಹ ಆಜ್ಞೆಯನ್ನು ಸರ್ವರು ಸರ್ವರಿಗೂ ಬರೆಯಬೇಕಾಗುತ್ತದೆ. ವಿಕೇಂದ್ರೀಕರಣದ ತತ್ತ್ವದ ಮೇಲೆ ಕಟ್ಟಿದ ಬ್ಲೂಸ್ಕೈಯ ಪ್ರಸಂಗ ಎರಡರ ನಡುವೆ ನಿಲ್ಲುತ್ತದೆ: ೨೦೨೫ರಲ್ಲಿ ತುರ್ಕಿ ಸರಕಾರದ ಬೇಡಿಕೆಯಂತೆ ಆ ಸಂಸ್ಥೆಯು ಕೆಲವು ಖಾತೆಗಳನ್ನು ಆ ದೇಶದವರಿಗೆ ಮರೆಮಾಡಿತು, ಅದೇ ಜಾಲವನ್ನು ಓದಿಕೊಡುವ ಬೇರೆಯವರ ಆ್ಯಪುಗಳಲ್ಲಿ ಅವು ಕಾಣಬಹುದಾಗಿತ್ತು. ಒಂದೇ ಊರಿನ ಇಬ್ಬರು ವಾಚಕರಿಗೆ, ಕೈಯಲ್ಲಿರುವ ಆ್ಯಪಿನ ಮೇಲೆ, ಎರಡು ಪಾಠ.

ಬಾಳಿಕೆಯ ವಿಷಯದಲ್ಲಿ ಈ ಜಾಲದ ಅಭಿಮಾನಿಗಳು ಹೇಳುವುದು ಅರ್ಧ ಸತ್ಯ. ಬೆಂಗಳೂರಿನಲ್ಲಿ ೨೦೨೦ರಲ್ಲಿ ಆರಂಭವಾಗಿ ಕನ್ನಡದಲ್ಲಿಯೂ ನಡೆದ ಕೂ ತಾಣವು ೨೦೨೪ರ ಜುಲೈಯಲ್ಲಿ ಮುಚ್ಚಿದಾಗ ಒಂದು ಸಂಸ್ಥೆಯ ನಿರ್ಧಾರವೇ ಸಾಕಾಯಿತು. ಮಾಸ್ಟಡಾನ್ ಹಾಗೆ ಒಮ್ಮೆಗೇ ಮುಚ್ಚಲಾರದು, ನಿಜ. ಆದರೆ ಬಿಡಿ ಸರ್ವರುಗಳು ಮುಚ್ಚುತ್ತಲೇ ಇರುತ್ತವೆ. ೨೦೨೪ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತವು ತನ್ನ ದೇಶದ ಸಂಕೇತವಾದ ಎಎಫ್ ಎಂಬ ಕೊನೆಯುಳ್ಳ ಹೆಸರೊಂದನ್ನು ರದ್ದುಪಡಿಸಿದಾಗ, ಆ ಹೆಸರಿನಲ್ಲಿ ನಡೆಯುತ್ತಿದ್ದ ಕ್ವಿಯರ್ ಡಾಟ್ ಎಎಫ್ ಎಂಬ ಸರ್ವರಿಗೆ ವಿಳಾಸವೇ ಇಲ್ಲವಾಯಿತು. ಬಳಕೆದಾರನು ಬೇರೆ ಸರ್ವರಿಗೆ ಹೋದರೆ ಅನುಸರಿಸುವವರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ತಾನು ಬರೆದುದನ್ನು ಒಯ್ಯಲಾರನು. ಮೂಲ ಅಳಿದ ಬರಹದ ಪ್ರತಿಗಳು ಬೇರೆ ಸರ್ವರುಗಳಲ್ಲಿ ಅಲ್ಲಲ್ಲಿ ಉಳಿದಿರುತ್ತವೆ, ಕೆಲವೊಮ್ಮೆ ಲೇಖಕನೇ ಅಳಿಸಬೇಕೆಂದು ಬಯಸಿದವು ಕೂಡ. ಏಕೆಂದರೆ ಅಳಿಸುವಂತೆ ಹೋದ ಕೋರಿಕೆಯನ್ನು ಎಲ್ಲ ಸರ್ವರುಗಳೂ ನಡೆಸಿಕೊಡುತ್ತವೆಂಬ ಭರವಸೆಯಿಲ್ಲ. ಇಂತಹ ಬರಹವನ್ನು ಪ್ರಬಂಧದಲ್ಲಿ ಆಧಾರವಾಗಿ ತೋರಿಸುವ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಲೇಖಕನ ಹೆಸರು, ಬರೆದ ತಾರೀಖುಗಳಷ್ಟನ್ನೇ ಕೇಳಿದರೆ ಸಾಲದು. ಯಾವ ಸರ್ವರಿನಲ್ಲಿ ಕುಳಿತು ಎಂದು ಓದಿದ್ದು, ಆಗ ಮೂಲಸ್ಥಾನದಲ್ಲಿ ಆ ಬರಹ ಇತ್ತೇ ಇಲ್ಲವೇ, ಉತ್ತರಗಳು ಎಷ್ಟು ಕಂಡವು ಎಂಬುದನ್ನೂ ಬರೆಯಿಸಬೇಕು. ಹಸ್ತಪ್ರತಿಗಳ ವಿವರಣೆಯಲ್ಲಿ ಗರಿಗಳ ಸಂಖ್ಯೆಯನ್ನೂ ಪ್ರತಿ ದೊರೆತ ಊರನ್ನೂ ಬರೆಯುವ ಅಭ್ಯಾಸವುಳ್ಳವರಿಗೆ ಇದು ಹೊಸ ಕೆಲಸವೇನಲ್ಲ.