ಧಾರವಾಡದ ಓದಿನ ಗ್ರೂಪುಗಳು ಮತ್ತು ಹೆಸರಿಲ್ಲದ ಪುಟ

ಧಾರವಾಡದ ಸಪ್ತಾಪುರ ಮತ್ತು ಅದರ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಸೆಂಟರುಗಳು ಹೆಚ್ಚಿದಂತೆ ಅವುಗಳ ಬೆನ್ನಿಗೇ ವಾಟ್ಸಾಪ್ ಮತ್ತು ಟೆಲಿಗ್ರಾಂ ಗ್ರೂಪುಗಳೂ ಬೆಳೆದವು. ಶುಲ್ಕ ಕಟ್ಟಲಾಗದ, ಊರು ಬಿಟ್ಟು ಬರಲಾಗದ ಅಭ್ಯರ್ಥಿಗಳಿಗೆ ಓದಿನ ಸಾಮಗ್ರಿಯನ್ನು ಪುಕ್ಕಟೆಯಾಗಿ ಮುಟ್ಟಿಸಿದ ಕೀರ್ತಿ ಈ ಗ್ರೂಪುಗಳಿಗೆ ಸಂದಿದೆ. ಒಬ್ಬ ಕಲಿಯುವವನು ತನಗೆ ಬೇಕಾದ ವ್ಯಕ್ತಿಗಳನ್ನೂ ಆಕರಗಳನ್ನೂ ತಾನೇ ಆಯ್ದು ಕಟ್ಟಿಕೊಳ್ಳುವ ಸಂಬಂಧಗಳ ಬಲೆಗೆ ಶಿಕ್ಷಣಶಾಸ್ತ್ರದಲ್ಲಿ ವೈಯಕ್ತಿಕ ಕಲಿಕಾ ಜಾಲ ಎಂಬ ಹೆಸರಿದೆ. ಇವಾನ್ ಇಲಿಚ್ 1971ರಲ್ಲಿ ಶಾಲೆಯ ಹೊರಗಿನ ಕಲಿಕೆಯ ಜಾಲಗಳನ್ನು ಕಲ್ಪಿಸಿದ್ದನ್ನೂ, ಜಾರ್ಜ್ ಸೀಮೆನ್ಸ್ 2005ರ ಹೊತ್ತಿಗೆ ಸಂಪರ್ಕಗಳನ್ನು ಕಟ್ಟುವುದೇ ಕಲಿಕೆ ಎಂದು ವಾದಿಸಿದ್ದನ್ನೂ ಬಲ್ಲ ಓದುಗರಿಗೆ ಈ ವಿಚಾರವನ್ನು ಮತ್ತೆ ವಿಸ್ತರಿಸಿ ಹೇಳಬೇಕಾಗಿಲ್ಲ. ಪರಿಶೀಲಿಸಬೇಕಾದದ್ದು ಧಾರವಾಡದ ಗ್ರೂಪುಗಳು ಎಲ್ಲರಿಗೂ ತೆರೆದಿವೆ ಎಂಬ ಮಾತನ್ನು. ಈ ಕೀರ್ತಿ ಅವುಗಳ ಅರ್ಹತೆಗಿಂತ ಬಹಳ ದೊಡ್ಡದು.

ಈ ಗ್ರೂಪುಗಳಲ್ಲಿ ಹರಿದಾಡುವ ಸಾಮಗ್ರಿಯ ರೂಪವನ್ನು ಗಮನಿಸಿದರೆ ಸಾಕು. ಅದರ ಬಹುಪಾಲು ಒಂದೋ ಕೈಬರಹದ ನೋಟ್ಸಿನ ಫೋಟೋ, ಇಲ್ಲವೇ ನುಡಿ ಎಂಬ ಕನ್ನಡ ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪಿಡಿಎಫ್. ಕಣ್ಣಿಗೆ ಎರಡೂ ಅಚ್ಚುಕಟ್ಟಾದ ಕನ್ನಡವೇ. ಆದರೆ ಪುಟದ ಮಾತನ್ನು ದನಿಯಾಗಿಸಿ ಅಂಧರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಫೋಟೋದಲ್ಲಿ ಅಕ್ಷರವೇ ಇಲ್ಲ, ಅದು ಬರಿಯ ಚಿತ್ರ. ನುಡಿಯ ಹಳೆಯ ಅಕ್ಷರವಿನ್ಯಾಸಗಳ ತೊಡಕು ಇನ್ನೂ ಸೂಕ್ಷ್ಮವಾದದ್ದು. ಅವು ಕನ್ನಡದ ಅಕ್ಷರಭಾಗಗಳನ್ನು ಗಣಕದಲ್ಲಿ ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳಿಗೆ ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕೂರಿಸಿರುವುದರಿಂದ, ಪರದೆಯ ಮೇಲೆ ಕನ್ನಡವಾಗಿ ಕಾಣುವ ಸಾಲು ತಂತ್ರಾಂಶದ ಪಾಲಿಗೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ರಾಶಿಯಾಗುತ್ತದೆ. ಪ್ರತಿಯೊಂದು ಲಿಪಿಯ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಜಾಗತಿಕ ಮಾನದಂಡದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದೆ. ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಸೌಲಭ್ಯವೂ ಇದೆ. ಸಾಧನಗಳೆಲ್ಲ ಕೈಯಲ್ಲಿರುವಾಗಲೂ ಹಳೆಯ ರೂಢಿಯೇ ಮುಂದುವರಿದಿದೆ ಎಂದ ಮೇಲೆ ಅದನ್ನು ತಂತ್ರಜ್ಞಾನದ ಕೊರತೆ ಎನ್ನಲಾಗದು. ಗ್ರೂಪಿನ ಸದಸ್ಯರಲ್ಲಿ ಅಂಧ ಅಭ್ಯರ್ಥಿಯೊಬ್ಬನು ಇರಬಹುದು ಎಂಬ ಯೋಚನೆಯೇ ಅಲ್ಲಿ ಹುಟ್ಟಿಲ್ಲ.

ಈ ತೊಡಕು ಅಂಧರೊಬ್ಬರದೇ ಅಲ್ಲ. ಫೋಟೋದಲ್ಲಿರುವ ಪದವನ್ನು ಗ್ರೂಪಿನ ಹುಡುಕುಪಟ್ಟಿ ಕಂಡುಹಿಡಿಯಲಾರದು. ಹಿಂದಿನ ವರ್ಷ ಬಂದ ಟಿಪ್ಪಣಿ ಈ ವರ್ಷದ ಅಭ್ಯರ್ಥಿಗೆ ಸಿಗದು. ತಪ್ಪೊಂದು ಕಂಡರೆ ತಿದ್ದುವ ದಾರಿಯಿಲ್ಲದೆ ತಪ್ಪು ಸಾಲೇ ಗ್ರೂಪಿನಿಂದ ಗ್ರೂಪಿಗೆ ಸಾಗುತ್ತದೆ. ಕಲಿಕೆಯ ಜಾಲವೆಂದರೆ ಒಬ್ಬರ ಅರಿವು ಇನ್ನೊಬ್ಬರ ಕೈಯಲ್ಲಿ ತಿದ್ದಿಸಿಕೊಂಡು ಬೆಳೆಯುವ ವ್ಯವಸ್ಥೆಯಾಗಿರಬೇಕು. ಇಲ್ಲಿ ನಡೆಯುತ್ತಿರುವುದು ಬರಿಯ ಸಾಗಾಣಿಕೆ.

ಸಾಗಾಣಿಕೆಯಲ್ಲಿ ಮೊದಲು ಕಳೆದುಹೋಗುವುದು ಬರೆದವರ ಹೆಸರು. ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆದ ಸಂದೇಶದ ಮೇಲೆ ಅದು ಬೇರೆಡೆಯಿಂದ ಬಂದದ್ದು ಎಂಬ ಗುರುತು 2018ರಿಂದ ಮೂಡುತ್ತಿದೆಯಾದರೂ, ಮೊದಲು ಕಳುಹಿಸಿದವರು ಯಾರೆಂಬುದು ತಿಳಿಯುವುದಿಲ್ಲ. ಟೆಲಿಗ್ರಾಂ ಸಾಮಾನ್ಯವಾಗಿ ಚಾನೆಲ್‌ನ ಹೆಸರನ್ನು ಉಳಿಸುತ್ತದೆ, ಬರೆದವರದನ್ನಲ್ಲ. ಆದ್ದರಿಂದ ಹಂಚಿದವರೇ ಕರ್ತೃಗಳಂತೆ ತೋರುತ್ತಾರೆ. ಅಧ್ಯಾಪಕರೊಬ್ಬರು ವರ್ಷಗಟ್ಟಲೆ ಪಾಠ ಹೇಳಿ ಸಿದ್ಧಪಡಿಸಿದ ಟಿಪ್ಪಣಿಯ ಮೊದಲ ಪುಟ ಕತ್ತರಿಸಿ, ಚಾನೆಲ್‌ನ ಮುದ್ರೆ ಒತ್ತಿ ಹಂಚುವುದು ಜ್ಞಾನದಾನವೆನಿಸಿಕೊಳ್ಳುತ್ತಿರುವುದು ನೋವಿನ ಸಂಗತಿ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮು ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು, ಮಾರಾಟದ ಹಕ್ಕುಗಳನ್ನು ಬಿಟ್ಟುಕೊಟ್ಟ ಮೇಲೂ, ಲೇಖಕರಲ್ಲೇ ಉಳಿಸಿದೆ. ಅದೇ ಕಾಯ್ದೆಯ 2012ರ ತಿದ್ದುಪಡಿ ಅಂಗವಿಕಲರ ಓದಿಗಾಗಿ ಕೃತಿಯನ್ನು ಅವರಿಗೆ ಎಟಕುವ ರೂಪಕ್ಕೆ ಬದಲಿಸಲು ಅವಕಾಶ ಕೊಟ್ಟಿದೆ. ಕಾನೂನು ಬೇಡವೆಂದದ್ದು ಗ್ರೂಪುಗಳಲ್ಲಿ ದಿನವೂ ನಡೆಯುತ್ತಿದೆ. ಅದು ತೆರೆದಿಟ್ಟ ದಾರಿಯನ್ನು ತುಳಿದವರು ಅಪರೂಪ.

ಇಲ್ಲಿ ಇನ್ನೊಂದು ಪಕ್ಷದ ವಿಮರ್ಶಕರೊಡನೆಯೂ ಭಿನ್ನಾಭಿಪ್ರಾಯ ಅನಿವಾರ್ಯ. ಗ್ರೂಪುಗಳನ್ನು ವಾಟ್ಸಾಪ್ ಯೂನಿವರ್ಸಿಟಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಇವರು ಧಾರವಾಡದ ನಿಜವಾದ ಕಲಿಕಾ ಜಾಲವೆಂದರೆ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪು ಎನ್ನುತ್ತಾರೆ. ಶಂಬಾ ಜೋಶಿ, ಗೋಕಾಕ, ಮುಗಳಿ, ಬೆಟಗೇರಿ ಕೃಷ್ಣಶರ್ಮರಂಥವರನ್ನು ಪರಸ್ಪರ ಬೆಳೆಸಿದ ಆ ಕೂಟದ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದನ್ನು ಒಳಗೊಳ್ಳುವಿಕೆಯ ಮಾದರಿಯಾಗಿ ಮುಂದಿಡುವುದು ಚರಿತ್ರೆಗೆ ಮಾಡುವ ಅನ್ಯಾಯ. ಸಾಹಿತ್ಯ ಚರಿತ್ರೆ ನೆನೆಯುವ ಗುಂಪಿನ ಪ್ರಮುಖ ಹೆಸರುಗಳೆಲ್ಲ ಪುರುಷರವು. ಪ್ರವೇಶಕ್ಕೆ ಪರಿಚಯ ಬೇಕಿತ್ತು, ಓದುಬರಹದ ಹಿನ್ನೆಲೆ ಬೇಕಿತ್ತು. ಹೆಸರಿನ ಪ್ರಶ್ನೆಯಲ್ಲಂತೂ ಹಳೆಯ ಕಾಲ ಇಂದಿಗಿಂತ ಮೇಲಿರಲಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರ ಶ್ರಮದಿಂದ 1931ರಲ್ಲಿ ಪ್ರಕಟವಾದ ಗರತಿಯ ಹಾಡು ಎಂಬ ಜನಪದ ಗೀತೆಗಳ ಸಂಕಲನ ಸಂಗ್ರಾಹಕರ ಹೆಸರನ್ನು ಕನ್ನಡದಲ್ಲಿ ಶಾಶ್ವತಗೊಳಿಸಿತು. ಬೀಸುವ ಕಲ್ಲಿನ ಮುಂದೆ ಕೂತು ಆ ಹಾಡುಗಳನ್ನು ಹೇಳಿದ ಹೆಣ್ಣುಮಕ್ಕಳ ಹೆಸರುಗಳು ಸಾಹಿತ್ಯದ ಚರ್ಚೆಯಲ್ಲಿ ಉಳಿಯಲಿಲ್ಲ. ಹಲಸಂಗಿಯ ಗೆಳೆಯರ ಪ್ರೀತಿಯಾಗಲಿ ಪ್ರಾಮಾಣಿಕತೆಯಾಗಲಿ ಇದರಿಂದ ಕಡಿಮೆಯಾಗುವುದಿಲ್ಲ. ಹಿಂದಿನದೆಲ್ಲ ಹಸನು, ಇಂದಿನದೆಲ್ಲ ಕೆಟ್ಟದ್ದು ಎಂಬ ವಿಮರ್ಶೆ ಮಾತ್ರ ಇಂದಿನ ದೋಷದ ಬೇರನ್ನು ಕಾಣಲಾರದು. ಕೊಟ್ಟವರ ಹೆಸರನ್ನು ಕೈಬಿಟ್ಟು ಕೊಟ್ಟದ್ದನ್ನಷ್ಟೇ ಇಟ್ಟುಕೊಳ್ಳುವ ರೂಢಿ ಮೊಬೈಲಿನ ಜೊತೆಗೆ ಹುಟ್ಟಿದ್ದಲ್ಲ.

ಗ್ರೂಪುಗಳ ಪರವಾಗಿ ಹೇಳಬೇಕಾದದ್ದೂ ಉಂಟು. ಎಫ್‌ಡಿಎ, ಪಿಡಿಒ, ಪಿಎಸ್‌ಐ ಹುದ್ದೆಗಳ ಅಧಿಸೂಚನೆ ದೂರದ ಹಳ್ಳಿಗೂ ಅಂದೇ ತಲುಪುತ್ತಿದೆ. ಆದರೆ ವಾಟ್ಸಾಪ್ ಗ್ರೂಪಿಗೆ ಸೇರಿದ ಯುವತಿಯ ಫೋನ್ ನಂಬರು ಸಾಮಾನ್ಯವಾಗಿ ಅಪರಿಚಿತ ಸದಸ್ಯರೆಲ್ಲರಿಗೂ ಕಾಣುತ್ತದೆ, ಅಲ್ಲಿ ಪ್ರಶ್ನೆ ಕೇಳುವುದೆಂದರೆ ಆ ನಂಬರನ್ನು ಎಲ್ಲರ ಕಣ್ಣಿಗೆ ಬೀಳಿಸುವುದೇ ಆಗುತ್ತದೆ. ಅಡ್ಮಿನ್ ಮಾತ್ರ ಸಂದೇಶ ಹಾಕಬಹುದು ಎಂಬ ಏರ್ಪಾಡು ಇರುವ ಕಡೆ ಆ ಪ್ರಶ್ನೆಗೂ ಎಡೆಯಿಲ್ಲ.

ಇಷ್ಟು ಹೊಗಳಿಕೆ ಈ ಗ್ರೂಪುಗಳಿಗೆ ಸಲ್ಲುತ್ತಿರುವಾಗ ಕರ್ನಾಟಕದಲ್ಲೇ ನಡೆದ ಒಂದು ಗಂಭೀರ ಪ್ರಯೋಗ ವಿಮರ್ಶಕರ ಕಣ್ಣಿಗೆ ಬೀಳದೇ ಹೋಗಿದೆ. ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯೊಡನೆ 2011ರಲ್ಲಿ ಸರ್ಕಾರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರನ್ನು ಒಂದು ಜಾಲವಾಗಿ ಹೆಣೆಯತೊಡಗಿತು. ಅದರ ಮುಂದುವರಿಕೆಯಾಗಿ 2013ರಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ, ಅಂದರೆ ಹಲವರು ಕೂಡಿ ಬರೆದು ತಿದ್ದಬಹುದಾದ ಪುಟಗಳ ಸಂಗ್ರಹ, ರೂಪುಗೊಂಡಿತು. ಅಲ್ಲಿನ ಕನ್ನಡ ಯೂನಿಕೋಡ್‌ನಲ್ಲಿದೆ; ಯಾರು ಯಾವಾಗ ಯಾವ ಸಾಲನ್ನು ಬದಲಿಸಿದರು ಎಂಬ ಇತಿಹಾಸ ಪ್ರತಿ ಪುಟದ ಹಿಂದೆಯೂ ಉಳಿಯುತ್ತದೆ. ಸರ್ಕಾರಿ ಯೋಜನೆಯ ಆಸರೆಯಲ್ಲಿ ನಡೆದ ಕೆಲಸಕ್ಕೆ ಇರುವ ಮಿತಿಗಳು ಅದಕ್ಕೂ ಇವೆ. ಆದರೂ ಶಿಕ್ಷಕಿಯೊಬ್ಬರು ಬರೆದ ಪಾಠವನ್ನು ಬೇರೆ ಜಿಲ್ಲೆಯ ಶಿಕ್ಷಕರು ತಿದ್ದಿ, ಇಬ್ಬರ ಹೆಸರೂ ಉಳಿದು, ಅಂಧ ವಿದ್ಯಾರ್ಥಿಯೂ ಅದನ್ನು ಕೇಳಿಸಿಕೊಳ್ಳಬಹುದಾದ ಏರ್ಪಾಡು ಕನ್ನಡದಲ್ಲಿ ಆಗಲೇ ಸಾಧ್ಯವಾಗಿತ್ತು. ಸಪ್ತಾಪುರದ ಗ್ರೂಪುಗಳ ಅಡ್ಮಿನ್‌ಗಳು ಇದರಿಂದ ಎರವಲು ಪಡೆಯಲು ದೊಡ್ಡ ಬಂಡವಾಳ ಬೇಕಿಲ್ಲ: ಫೋಟೋದ ಜೊತೆಗೆ ಯೂನಿಕೋಡ್‌ನಲ್ಲಿ ಬೆರಳಚ್ಚಾದ ಪಠ್ಯ, ಪುಟದ ತಲೆಯಲ್ಲಿ ಬರೆದವರ ಹೆಸರು ಮತ್ತು ಅವರ ಒಪ್ಪಿಗೆ, ತಿದ್ದಿದ ದಿನಾಂಕ ಇಷ್ಟಿದ್ದರೆ ಕೆಲಸ ಆರಂಭಿಸಬಹುದು.